ಚೆಕಿಂಗ್ ಅಕ್ಕನ ಮಫಿನ್

ಇಡೀ ಬೀದಿ ಅವಳನ್ನು ಕರೆಯುತ್ತಿದ್ದದ್ದು ಚೆಕಿಂಗ್ ಅಕ್ಕ ಎಂದೇ. ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅವಳಿಗಿದ್ದದ್ದು ಒಂದೇ ಕೆಲಸ, ತಪ್ಪು ಹುಡುಕುವುದು. ಹೊಲಿಗೆ ಒಂದೆಳೆ ಡೊಂಕಾಗಿದ್ದರೂ ಸೀಮೆಸುಣ್ಣದಲ್ಲಿ ಗೀಟು ಹಾಕಿ ವಾಪಸು ಕಳಿಸುತ್ತಿದ್ದಳು. ಅಲ್ಲೇ ಗುಂಡಿ ಹಾಕುತ್ತಿದ್ದ ಸ್ವಂತ ತಂಗಿಯ ಶರ್ಟುಗಳೇ ಹೆಚ್ಚು ವಾಪಸು ಬರುತ್ತಿದ್ದವು ಎಂದರೆ ನೋಡಿ! ದಾಕ್ಷಿಣ್ಯ ಎಂಬುದು ಆ ಹೆಂಗಸಿನ ಹತ್ತಿರ ಸುಳಿಯುತ್ತಿರಲಿಲ್ಲ.

ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಅಕ್ಕತಂಗಿ ಇಬ್ಬರೂ ಮೂರನೇ ಮಹಡಿಯ ಎರಡು ಕೋಣೆಗಳಲ್ಲೇ ಬದುಕು ಕಳೆದರು. ಬೀದಿಯ ಮರಗಳು ಎಲೆ ಉದುರಿಸತೊಡಗಿದವೆಂದರೆ, ಭಾನುವಾರ ಬೆಳಿಗ್ಗೆಯೇ ಅಕ್ಕ ತೋಳೇರಿಸಿ, ಮಫಿನ್ ಎಂಬ ಪುಟ್ಟ ಕೇಕು ಬೇಯಿಸಲು ಓವನ್ ಮುಂದೆ ಹಾಜರು. ಸೇಬು ಹೆಚ್ಚಿ, ಒಣದ್ರಾಕ್ಷಿ ನೆನೆಸಿ, ಚಕ್ಕೆ ಲವಂಗ ಜಾಯಿಕಾಯಿ ಕುಟ್ಟಿ ಹಿಟ್ಟಿಗೆ ಬೆರೆಸುವಷ್ಟರಲ್ಲಿ ಘಮ ಮೆಟ್ಟಿಲಿಳಿದು ಕೆಳಗಿನ ಮನೆಗಳನ್ನು ಮುಟ್ಟಿರುತ್ತಿತ್ತು. ತಂಗಿಗೆ ಮಾತ್ರ ಅಡುಗೆಮನೆಯ ಹೊಸ್ತಿಲಿನಾಚೆ ಜಾಗ.

“ನೀನು ಮುಟ್ಟಿದ್ರೆ ಕೆಡುತ್ತೆ. ಸುಮ್ನೆ ಅಲ್ಲೇ ಕೂತ್ಕೋ.”

ಬೆಂದ ಮೇಲೆ ಮನೆಯಲ್ಲೂ ಚೆಕಿಂಗ್ ಶುರು. ಒಂದೊಂದನ್ನೂ ತಿರುಗಿಸಿ ನೋಡಿ, ತಳ ಕಪ್ಪಾದದ್ದು, ತಲೆ ಬಿರಿದದ್ದು ಬೇರೆ ತಟ್ಟೆಗೆ. ಆ ತಟ್ಟೆ ತಂಗಿಯದು. ಬೈಸಿಕೊಳ್ಳುತ್ತಾ, ಬಾಯಿ ಸುಟ್ಟುಕೊಳ್ಳುತ್ತಾ ತಿಂದ ಆ ಬಿಸಿ ಮಫಿನ್‌ಗಳನ್ನು ತಂಗಿ ಈಗಲೂ ಮರೆತಿಲ್ಲ.

ಕಳೆದ ಚಳಿಗಾಲದಲ್ಲಿ ಅಕ್ಕನಿಗೆ ಲಕ್ವ ಹೊಡೆಯಿತು. ಕಾಲು ಹೇಗೋ ಸುಧಾರಿಸಿತು, ಬಲಗೈ ಮೇಲೇಳಲಿಲ್ಲ. ಇನ್ನು ಇಷ್ಟೇ ಎಂದರು ಡಾಕ್ಟರು. ಅವರಿಗೇನು ಗೊತ್ತು ಎಂದುಕೊಂಡಳು ತಂಗಿ. ಕೈಗಿಂತ ಅವಳನ್ನು ಹೆದರಿಸಿದ್ದು ಅಕ್ಕನ ಮೌನ. ಅಡುಗೆ ಸೀದರೂ ಬೈಯುವುದಿಲ್ಲ, ಹಾಸಿಗೆ ಮುದುಡಿದ್ದರೂ ಗೊಣಗುವುದಿಲ್ಲ. ಕಿಟಕಿ ಪಕ್ಕ ಕೂತು ಮತ್ತೆ ಉದುರತೊಡಗಿದ ಎಲೆ ನೋಡುತ್ತಾಳೆ. ಒಂದು ಸಲ ರೇಗಿದರೆ ಸಾಕು, ಎದ್ದು ಬಂದೇ ಬರುತ್ತಾಳೆ, ಆ ರೋಷಕ್ಕೆ ಕೈಯೂ ಎದ್ದೀತು ಎಂದು ತಂಗಿ ಹಟಕ್ಕೆ ಬಿದ್ದಳು.

ಒಂದು ಭಾನುವಾರ ಹಿಟ್ಟು ಕಲಸಿದವಳು ಅವಳೇ. ಬೇಕೆಂದೇ ಲವಂಗದ ಪುಡಿಯನ್ನು ಚಮಚಗಟ್ಟಲೆ ಸುರಿದಳು. ಒಂದು ಅಚ್ಚಿಗೆ ತುಳುಕುವಷ್ಟು, ಇನ್ನೊಂದಕ್ಕೆ ಅರ್ಧ. ತಳ ಸೀಯುವ ತನಕ ಓವನ್ ಬಾಗಿಲು ತೆಗೆಯಲಿಲ್ಲ. ಸೀದ ವಾಸನೆ ಮನೆ ತುಂಬಿತು. ಕುರ್ಚಿ ಕಿರುಗುಟ್ಟೀತೇ ಎಂದು ಕಿವಿಗೊಟ್ಟು ನಿಂತಳು. ಊಹೂಂ.

ಇದ್ದುದರಲ್ಲೇ ಕೆಟ್ಟದ್ದೊಂದನ್ನು ಆರಿಸಿ ಅಕ್ಕನ ಮುಂದಿಟ್ಟಳು. ಅಕ್ಕ ಎಡಗೈಯಲ್ಲಿ ಮುರಿದು, ನಿಧಾನವಾಗಿ ಅಗಿದು, ಪೂರ್ತಿ ತಿಂದಳು.

“ಚೆನ್ನಾಗಿದೆ ಕಣೇ.”

ಈ ಒಂದು ಮಾತಿಗಾಗಿ ಜೀವಮಾನವಿಡೀ ಆಸೆಪಟ್ಟ ತಂಗಿಗೆ ಈಗ ಅದು ಬೇಡವಾಗಿತ್ತು.

“ಸುಳ್ಳು ಹೇಳ್ಬೇಡ. ಬಾಯಿಗಿಡೋ ಹಾಗಿಲ್ಲ ಅದು. ಬೈ ನನ್ನ.”

“ಬೇಕಂತಲೇ ಕೆಡಿಸಿದೀಯ, ಗೊತ್ತಾಗಲ್ವಾ ನಂಗೆ? ತಪ್ಪು ಮಾಡೋದ್ರಲ್ಲೂ ಅತಿ ನಿಂದು.” ಅಕ್ಕ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. “ಇದು ಇನ್ನು ಏಳಲ್ಲ. ನಂಗೆ ಯಾವತ್ತೋ ಗೊತ್ತಾಯ್ತು, ನೀನೂ ಒಪ್ಕೊಂಬಿಡು. ಮುಂದಿನ ವಾರ ಸರಿಯಾಗಿ ಮಾಡು. ತಿನ್ನೋ ಆಸೆ ಇದೆ ನಂಗೆ.”

ತಂಗಿ ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ತಡೆಯಲಿಲ್ಲ. ಅತ್ತು ಸಾಕಾದ ಮೇಲೆ ಮೂಗೊರೆಸಿಕೊಂಡು ಕೇಳಿದಳು:

“ಹಿಟ್ಟು ಎಷ್ಟು ಹಾಕ್ತಿದ್ದೆ ಅಕ್ಕ?”