ದುರಗಮ್ಮನ ನಾಲ್ಕು ಲಕ್ಷ

ಗಾಳೆಪ್ಪ ಸತ್ತ ದಿನ, ಅಕ್ಕನಿಗೆ ಅವನು ಕೊಡಬೇಕಾದ ಹಣದಲ್ಲಿ ಇನ್ನೂ ಒಂದು ಲಕ್ಷ ಹತ್ತು ಸಾವಿರ ಉಳಿದಿತ್ತು. ಅದನ್ನು ಸಾಲ ಎಂದು ಕರೆದವನು ಅವನೊಬ್ಬನೇ. ಅಕ್ಕ ಒಮ್ಮೆಯೂ ಆ ಮಾತು ಆಡಿರಲಿಲ್ಲ.

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಅವನು ಮೂವತ್ತನಾಲ್ಕು ವರ್ಷ ಕಾಟಾ ನೋಡಿಕೊಂಡವನು. ಭತ್ತದ ಲಾರಿ ತೂಗಿ ಚೀಟಿ ಕೊಡುವ ಕೆಲಸ. ಲಾರಿ ಗೇಟಿನಲ್ಲಿ ತಿರುಗುವಾಗಲೇ ಟೈರು ಎಷ್ಟು ಒತ್ತಿದೆ, ಕೆಳಗಿನ ಸ್ಪ್ರಿಂಗಿನ ಪಾಟಾ ಎಷ್ಟು ಬಾಗಿದೆ ಎಂದು ನೋಡಿ ತೂಕ ಹೇಳಿಬಿಡುತ್ತಿದ್ದ. ಚಾಲಕರು ಚಹಾಕ್ಕೆ ಪಣ ಕಟ್ಟುತ್ತಿದ್ದರು, ಸೋಲುತ್ತಿದ್ದರು. ಹೀಗಾಗಿ ತನ್ನ ಕಣ್ಣಿನ ಮೇಲೆ ಅವನಿಗೆ ವಿಪರೀತ ನಂಬಿಕೆ.

೨೦೧೮ರಲ್ಲಿ ನಿವೃತ್ತನಾದಾಗ ಭವಿಷ್ಯನಿಧಿ ಎಲ್ಲ ಸೇರಿ ಒಂಬತ್ತು ಲಕ್ಷ ಬಂತು. ಯಲಬುರ್ಗಾ ರಸ್ತೆಯಲ್ಲಿ ಮೆಕ್ಕೆಜೋಳ ಅರೆದು ಪುಡಿ ಮಾಡುವ ಕಂಪನಿಯೊಂದಿತ್ತು. ಅದರ ಷೇರು ಕೊಂಡವರು ಉದ್ಧಾರವಾದರು ಎಂದು ಊರೆಲ್ಲ ಮಾತು. ಗಾಳೆಪ್ಪ ಮಾತು ನಂಬಲಿಲ್ಲ. ಹೊಸ ವ್ಯಾಪಾರಿಯನ್ನು ಗಿರಣಿಯವರು ಹೇಗೆ ಪರೀಕ್ಷಿಸುತ್ತಾರೋ ಹಾಗೇ ಪರೀಕ್ಷಿಸಿದ. ಬಸ್ಸು ಹತ್ತಿ ಹೋಗಿ, ಕಂಪನಿಯ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಮೂರು ದಿನ ಕೂತ. ದಿನಕ್ಕೆ ನಲವತ್ತು ಲಾರಿ ಹೊರಗೆ ಬಂದವು. ಒಂದೂ ಖಾಲಿ ಇರಲಿಲ್ಲ.

ಅಕ್ಕ ದುರಗಮ್ಮ ಕುಷ್ಟಗಿಯ ಸರಕಾರಿ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ತಮ್ಮನ ಹೊರತು ಹಿಂದೆ ಮುಂದೆ ಯಾರೂ ಇಲ್ಲ. ಅವಳ ಕೈಯಲ್ಲಿ ನಾಲ್ಕು ಲಕ್ಷವಿತ್ತು.

"ಖೊಟ್ಟಿ ಕಂಪನಿ ಅಲ್ಲಕ್ಕಾ. ಮಾಲು ಹೋಗ್ತೈತಿ. ನಾನ ಕಣ್ಣಾರೆ ನೋಡಿ ಬಂದೀನಿ," ಎಂದ.

"ನೀ ನೋಡಿದ ಮ್ಯಾಲ ನಾ ಏನ್ ನೋಡ್ಲಿ? ನನಗ ರೊಟ್ಟಿ ಸುಟ್ಟಿದ್ದು ಬಿಟ್ರ ಬ್ಯಾರೆ ಏನೂ ತಿಳೀದು," ಎಂದು ನಕ್ಕು ಅವಳೂ ನಾಲ್ಕು ಲಕ್ಷದ ಷೇರಿಗೆ ಸಹಿ ಹಾಕಿದಳು.

ಮರುವರ್ಷ ಸತ್ಯ ಹೊರಬಿತ್ತು. ಮುಂದಿನ ಗೇಟಿನಿಂದ ಹೋದ ಚೀಲಗಳು ಕಂಪನಿಯದೇ ಬೇನಾಮಿ ಗೋದಾಮಿನಲ್ಲಿ ಇಳಿದು, ಎರಡು ದಿನ ಬಿಟ್ಟು ಹಿಂದಿನ ಗೇಟಿನಿಂದ ಒಳಗೆ ಬರುತ್ತಿದ್ದವು. ಪ್ರತಿ ಸುತ್ತನ್ನೂ ಹೊಸ ಮಾರಾಟ ಎಂದು ಬರೆದಿದ್ದರು. ಲೆಕ್ಕ ತಪಾಸಣೆಯವರು, ಓದಿದವರು, ಕೋಟು ಹಾಕಿದವರು, ಆರು ವರ್ಷ ಅದರ ಕೆಳಗೆ ಸಹಿ ಹಾಕಿದ್ದರು. ಗಾಳೆಪ್ಪ ಮೂರು ದಿನ ನೋಡಿದ್ದು ಅವೇ ಚೀಲಗಳನ್ನು. ತೂಕ ನೋಡಿದ್ದ, ಲಾರಿಯ ನಂಬರು ನೋಡಿರಲಿಲ್ಲ. ನೂರಾ ಎಂಬತ್ತರ ಷೇರು ಮೂರು ರೂಪಾಯಿಗೆ ಬಂತು. ತನ್ನ ಹಣದಲ್ಲಿ ಸ್ವಲ್ಪವನ್ನು ಬೇರೆ ಫಂಡಿನಲ್ಲಿ ಇಟ್ಟಿದ್ದ. ೨೦೨೦ರ ಮಾರ್ಚಿನಲ್ಲಿ ಷೇರು ಪೇಟೆ ಬಿದ್ದಾಗ, ಒಮ್ಮೆ ಸುಟ್ಟುಕೊಂಡ ಭಯಕ್ಕೆ, ಅದನ್ನೂ ಸಿಕ್ಕಷ್ಟಕ್ಕೆ ಮಾರಿದ. ವರ್ಷದೊಳಗೆ ಪೇಟೆ ಎದ್ದು ನಿಂತಿತು. ತಾಳ್ಮೆ ಇರಬೇಕಿತ್ತು ಎಂದು ಟಿ.ವಿ.ಯಲ್ಲಿ ಯಾರೋ ಬುದ್ಧಿ ಹೇಳಿದರು. ಆ ಭಯ ಕೊಟ್ಟವರ ಬಗ್ಗೆ ಒಂದು ಮಾತಿಲ್ಲ.

ಅರವತ್ತೆರಡನೇ ವಯಸ್ಸಿಗೆ ಅವನು ಭಾಗ್ಯನಗರದಲ್ಲಿ ಶರಣಕುಮಾರ ಎಂಬವನ ಕಾಟಾಕ್ಕೆ ಸೇರಿದ. ದಿನಕ್ಕೆ ಹನ್ನೆರಡು ತಾಸು, ಸಂಬಳ ಹನ್ನೊಂದು ಸಾವಿರ. ಅದರಲ್ಲಿ ಆರು ಸಾವಿರ ತಿಂಗಳು ತಪ್ಪದೆ ಅಂಚೆ ಕಚೇರಿಗೆ, ದುರಗಮ್ಮನ ಹೆಸರಿಗೆ. ತನಗೆ ಒಂದು ಪೈಸೆ ಕೂಡಿಡಲಿಲ್ಲ. ಎದೆಗೆ ಆಪರೇಷನ್ ಆಗಬೇಕು ಎಂದು ಡಾಕ್ಟರರು ಹೇಳಿದಾಗ, "ಅಕ್ಕನ್ ನಾಲ್ಕು ಲಕ್ಷ ಮುಗೀಲಿ, ಆಮ್ಯಾಲ ಕೊಯ್ಸಿಕೊಂತೀನಿ," ಎಂದ. ನಾಲ್ಕು ವರ್ಷದಲ್ಲಿ ಸುಮಾರು ಎರಡು ಲಕ್ಷ ತೊಂಬತ್ತು ಸಾವಿರ ಕಟ್ಟಿದ್ದ.

ಆಗ ಶರಣಕುಮಾರ ಹೊಸ ಕೆಲಸ ಹೇಳಿದ. ಬಾರದ ಲಾರಿಗಳಿಗೆ ದಿನಕ್ಕೆ ಹತ್ತು ಚೀಟಿ ಕೊಡಬೇಕು. ಸಂಬಳದ ಮೇಲೆ ತಿಂಗಳಿಗೆ ಇನ್ನೂ ಎಂಟು ಸಾವಿರ. ಗಾಳೆಪ್ಪ ಏನೂ ಕೇಳಲಿಲ್ಲ. ಎಂಟು ತಿಂಗಳಲ್ಲಿ ಅಕ್ಕನದು ಮುಗಿಯುತ್ತದೆ ಎಂಬುದಷ್ಟೇ ಅವನ ತಲೆಯಲ್ಲಿತ್ತು. ಹನ್ನೊಂದು ದಿನ ಚೀಟಿ ಕೊಟ್ಟ. ಇದನ್ನು ಮುಚ್ಚಿಟ್ಟು ಅವನನ್ನು ದೇವರು ಮಾಡುವುದು ಬೇಡ.

ಹನ್ನೆರಡನೇ ದಿನ ಚೀಟಿ ಒಯ್ಯಲು ಇಲಿಯಾಸ ಬಂದ. ಲಾರಿ ಚಾಲಕ, ಬಾಯಿಬಡುಕ.

"ಮಾವ, ಲಾರಿ ಮನ್ಯಾಗ ಮಲಗೇತಿ. ನಾ ಒಬ್ಬನ ಬಂದೀನಿ. ಚೀಟಿ ಕೊಡು."

"ಈ ಚೀಟಿ ತಗೊಂಡು ಏನ್ ಮಾಡ್ತಾರೋ?"

"ಪಶು ಆಹಾರದ ಹೊಸಾ ಕಂಪನಿ ಐತಲ್ಲ, ಅವ್ರಿಗೆ ಬೇಕು. ವ್ಯಾಪಾರ ಜೋರೈತಿ ಅಂತ ತೋರಸ್ತಾರ. ತಾವರಗೇರಾದಾಗ ರಿಟೈರಾದ ಮಾಸ್ತರಮಂದಿ ರೊಕ್ಕ ಹಾಕಾಕತ್ಯಾರ, ಸಾಲು ಹಚ್ಚಿ."

ಗಾಳೆಪ್ಪ ಖಾಲಿ ಕಾಟಾದ ಕಡೆ ಕೈ ತೋರಿಸಿದ್ದನ್ನು ಇಲಿಯಾಸ ಇವತ್ತಿಗೂ ಹೇಳುತ್ತಾನೆ.

"ಹೋಗು, ಕಾಟಾದ ಮ್ಯಾಲ ನಿಂದ್ರು."

"ನಾನಾ?"

"ಹೂಂ, ನೀನ. ಲಾರಿ ಇಲ್ಲಲ್ಲ. ಬಂದದ್ದನ್ನ ತೂಗಬೇಕು."

ಇಲಿಯಾಸ ತಮಾಷೆ ಅಂದುಕೊಂಡು ಕಬ್ಬಿಣದ ಹಾಸಿನ ನಡುವೆ ಹೋಗಿ ನಿಂತ. ಚೀಟಿ ಹೊರಬಂತು: ಸರಕು ಇಲಿಯಾಸ, ಎಪ್ಪತ್ತು ಕಿಲೋ. ಉಳಿದ ಒಂಬತ್ತು ಚೀಟಿಗಳಲ್ಲೂ ಅದೇ.

ಸಂಜೆ ಶರಣಕುಮಾರ ಚೀಟಿಗಳನ್ನು ಮೇಜಿನ ಮೇಲೆ ಒಗೆದ. "ಮುದುಕಾ, ಮಸ್ಕಿರಿ ಮಾಡ್ತಿಯೇನು?"

"ಇಲ್ರಿ. ಬಂದಿದ್ದು ಅಷ್ಟ."

"ನಿನ್ನ ಅಕ್ಕನ ರೊಕ್ಕ ಯಾರು ಕೊಡ್ತಾರ? ಈ ವಯಸ್ಸಿಗೆ ನಿನಗ ಯಾರು ಕೆಲಸ ಕೊಡ್ತಾರ?"

"ಗೊತ್ತಿಲ್ರಿ. ಆದ್ರ ಆ ಮಾಸ್ತರಗೋಳಿಗೂ ಅಕ್ಕದೇರು ಅದಾರ."

ಅವತ್ತೇ ಕೆಲಸ ಹೋಯಿತು. ಮರುದಿನ ಹನ್ನೊಂದು ದಿನದ ಸುಳ್ಳು ಚೀಟಿಗಳ ಪ್ರತಿಗಳನ್ನು ಒಯ್ದು ಪೊಲೀಸ್ ಠಾಣೆಗೆ ಕೊಟ್ಟ, ತಾನೇ ಕೊಟ್ಟವು ಎಂದೂ ಹೇಳಿದ. ಅವರು ತೆಗೆದುಕೊಂಡರು, ರಸೀದಿ ಕೊಡಲಿಲ್ಲ. ಆಮೇಲೆ ಒಂದೂವರೆ ತಿಂಗಳು ಗಂಗಾವತಿಯ ಗಿರಣಿಯಿಂದ ಗಿರಣಿಗೆ ಕೆಲಸ ಕೇಳುತ್ತ ತಿರುಗಿದ. ಕಳೆದ ಜುಲೈನಲ್ಲಿ ಅಂಥ ಒಂದು ಗಿರಣಿಯ ಕಚೇರಿಯ ಹೊರಗಿನ ಬೆಂಚಿನ ಮೇಲೆ, ಮಾಲೀಕ ಊಟ ಮುಗಿಸಿ ಬರಲಿ ಎಂದು ಕಾಯುತ್ತ, ಗೋಡೆಗೆ ಒರಗಿದ. ಮತ್ತೆ ಏಳಲಿಲ್ಲ.

ಎದೆ ಮೊದಲೇ ಕೆಟ್ಟಿತ್ತು ಎಂದು ಮಣ್ಣು ಕೊಡಲು ಬಂದವರು ಹೇಳಿದರು. ಕೆಟ್ಟಿತ್ತು, ನಿಜ. ಆದರೆ ನಾಲ್ಕು ವರ್ಷ ಅದನ್ನು ರಿಪೇರಿ ಮಾಡಿಸದೆ ಕಾಟಾದ ಸ್ಟೂಲಿನ ಮೇಲೆ ಕೂರಿಸಿದವರು ಮೆಕ್ಕೆಜೋಳದ ಕಂಪನಿಯ ಆ ಸುಳ್ಳು ಲೆಕ್ಕಕ್ಕೆ ಸಹಿ ಹಾಕಿದವರು. ಅವರಲ್ಲಿ ಒಬ್ಬನೂ ಇವತ್ತು ಜೈಲಿನಲ್ಲಿಲ್ಲ.

ಮೂರನೇ ದಿನ ಸಂಬಂಧಿಕನೊಬ್ಬ ಸಮಾಧಾನ ಹೇಳಲು ಹೋಗಿ, "ಪಾಪ, ನಿನ್ನ ಬಾಕಿ ತೀರ್ಸದ ಹೋದ," ಎಂದ. ದುರಗಮ್ಮ ಅಳು ನಿಲ್ಲಿಸಿದಳು.

"ನನ್ನ ತಮ್ಮ ಯಾರ ಬಾಕೀನೂ ಇಟ್ಟು ಹೋಗಿಲ್ಲ. ಈ ಮನ್ಯಾಗ ಮತ್ತೊಮ್ಮೆ ಆ ಮಾತು ಬರಬಾರದು. ಬಾಕಿ ಉಳಿಸಿಕೊಂಡೋರು ಕಾರಿನಾಗ ಅಡ್ಡಾಡಾಕತ್ಯಾರ, ಅವ್ರನ್ನ ಕೇಳ್ರಿ."

ಅಂಚೆಯ ಹಣವನ್ನು ಅವಳು ಇನ್ನೂ ಮುಟ್ಟಿಲ್ಲ. ಅರವತ್ತೆಂಟನೇ ವಯಸ್ಸಿನಲ್ಲಿ ಕುಷ್ಟಗಿಯ ಖಾಸಗಿ ಹಾಸ್ಟೆಲೊಂದರಲ್ಲಿ ಮತ್ತೆ ಒಲೆ ಮುಂದೆ ನಿಂತಿದ್ದಾಳೆ. ಮೆಕ್ಕೆಜೋಳದ ಕಂಪನಿಯ ಕೇಸಿಗೆ ವಾಯಿದೆ ಬಿದ್ದ ದಿನ ಮಾತ್ರ ರಜೆ ಹಾಕಿ, ಬಸ್ಸು ಹತ್ತಿ, ಕೋರ್ಟಿನ ಕೊನೆಯ ಬೆಂಚಿನಲ್ಲಿ ಹೋಗಿ ಕೂರುತ್ತಾಳೆ. ನೀವ್ಯಾರು ಎಂದು ಕಳೆದ ಸಲ ಗುಮಾಸ್ತ ಕೇಳಿದ. ಗಾಳೆಪ್ಪನ ಅಕ್ಕ ಎಂದಳು. ಅವನು ಕೇಸಿನ ಫಿರ್ಯಾದಿ, ಸಾಕ್ಷಿಗಳ ಪಟ್ಟಿಯಲ್ಲಿ ಹುಡುಕಿದ. ಆ ಹೆಸರು ಅದರಲ್ಲಿ ಇರಲಿಲ್ಲ.