ಕೇಕಿನ ಮೇಲಿನ ಬಾವುಟ

ದುಬೈನ ಅಲ್ ಬರ್ಷಾದಲ್ಲಿರುವ ನಮ್ಮ ಆಫೀಸಿನಲ್ಲಿ ಯಾರಾದರೂ ಕೆಲಸ ಬಿಟ್ಟು ಊರಿಗೆ ಹೊರಟರೆ ಕೇಕ್ ತರಿಸುವುದು ವಾಡಿಕೆ. ಕೇಕಿನ ಮೇಲೆ ಅವರವರ ದೇಶದ ಬಾವುಟ. ಅಷ್ಟು ವರ್ಷ ದುಡಿದವರಿಗೆ ಸಿಗುವ ಮರ್ಯಾದೆ ಅದೊಂದೇ. ಅದನ್ನೂ ನಾವೇ ತಿಂದು ಮುಗಿಸುತ್ತಿದ್ದೆವು.

ನನ್ನ ಪಕ್ಕದ ಮೇಜಿನಲ್ಲಿ ಕಟ್ಟಡಗಳ ನಕ್ಷೆ ಬಿಡಿಸುತ್ತಿದ್ದವನು ಸಾರ್ಡೀನಿಯಾ ದ್ವೀಪದವನು. ಪಾಸ್‌ಪೋರ್ಟ್ ಮಾತ್ರ ಇಟಲಿಯದು. ಅವನ ಅಪ್ಪ ಅಲ್ಲಿಯ ಒಂದು ಪುಟ್ಟ ಎಡಪಕ್ಷದ ಹಳೆಯ ಕಾರ್ಯಕರ್ತ. ದ್ವೀಪ ಇಟಲಿಯಿಂದ ಬೇರೆಯಾಗಬೇಕು, ಗಣಿಯೂ ಹೊಲವೂ ದುಡಿಯುವವರದಾಗಬೇಕು ಎಂದು ಮನೆಮನೆ ತಿರುಗುವ ಮನುಷ್ಯ. ನಮ್ಮ ಕಡೆಯ ಚುನಾವಣೆಯಾಗಿದ್ದರೆ ಠೇವಣಿಯೂ ಉಳಿಯುತ್ತಿರಲಿಲ್ಲ.

"ನಿಮ್ಮ ಪಕ್ಷದವರೆಲ್ಲ ಒಂದೇ ಟ್ಯಾಕ್ಸಿಯಲ್ಲಿ ಹಿಡಿಸ್ತಾರಾ?" ಎಂದು ಒಮ್ಮೆ ಕಿಚಾಯಿಸಿದ್ದೆ.

ಅವನು ನಗಲಿಲ್ಲ. "ಹಿಡಿಸಬಹುದು. ಆದರೆ ಅಪ್ಪ ನನ್ನನ್ನು ಹತ್ತಿಸಿಕೊಳ್ಳೋದಿಲ್ಲ" ಎಂದ. ನನ್ನ ನಾಲಿಗೆಗೆ ಬೆಂಕಿ ಹಾಕಬೇಕು ಅನ್ನಿಸಿತು.

ದ್ವೀಪ ಬಿಟ್ಟು ಹೋಗಬೇಡಿ ಎಂದು ಊರಿನ ಯುವಕರಿಗೆ ಭಾಷಣ ಮಾಡುತ್ತಿದ್ದವರ ಸ್ವಂತ ಮಗನೇ ದುಬೈ ವಿಮಾನ ಹತ್ತಿದ್ದ. ಅಂದಿನಿಂದ ಅಪ್ಪ ಮಾತು ಬಿಟ್ಟಿದ್ದರು. ಶುಕ್ರವಾರ ಫೋನ್ ಮಾಡಿದರೆ ಅಮ್ಮ, ತಂಗಿ ಮಾತ್ರ ಸಿಗುತ್ತಿದ್ದರು. ಕೊನೆಗೆ ಅಪ್ಪ ಹಾಸಿಗೆ ಹಿಡಿದರು. ಇನ್ನು ಹೆಚ್ಚು ದಿನವಿಲ್ಲ ಎಂದು ತಂಗಿ ಹೇಳಿದಾಗ ಅವನು ರಾಜೀನಾಮೆ ಕೊಟ್ಟ.

"ಹೋದ ಮೇಲೂ ಮಾತಾಡದಿದ್ದರೆ?" ಎಂದು ನನ್ನನ್ನು ಕೇಳಿದ. ಚಹಾ ತರಿಸಿಕೊಟ್ಟೆ, ಅಷ್ಟೆ.

ಕೊನೆಯ ದಿನ ಪೆಟ್ಟಿಗೆ ತೆರೆದರೆ ಕೇಕಿನ ತುಂಬ ಹಸಿರು, ಬಿಳಿ, ಕೆಂಪು. ಇಟಲಿಯ ಬಾವುಟ. ತರಿಸಿದವರು ಹುಬ್ಬಳ್ಳಿ ಕಡೆಯ ನಮ್ಮ ಅಡ್ಮಿನ್.

"ಇದು ಅವನ ಬಾವುಟ ಅಲ್ಲ ಮಾರಾಯ್ರೆ" ಎಂದೆ.

"ಪಾಸ್‌ಪೋರ್ಟ್ ನೋಡೇ ಹೇಳೀನ್ರಿ. ಮತ್ಯಾವ್ದು ಹಾಕಸ್ಬೇಕಿತ್ರಿ?"

ಪಾಪ, ಅವರದೇನು ತಪ್ಪು. ಸುಮ್ಮನಿರು ಎಂದು ಅವನು ನನಗೆ ಕಣ್ಣಲ್ಲೇ ಹೇಳಿ ಚಾಕು ಹಿಡಿದ. ಎಲ್ಲರೂ ಫೋಟೋ ತೆಗೆದರು. ಯಾರೋ ಅವನ ಹೆಸರು ಸೇರಿಸಿ ಸಾಮಾಜಿಕ ಜಾಲತಾಣಕ್ಕೂ ಹಾಕಿಬಿಟ್ಟರು.

ತಟ್ಟೆಗಳು ಖಾಲಿಯಾಗುವ ಮೊದಲೇ ಅವನ ಫೋನ್ ಬಡಿದುಕೊಂಡಿತು. ತಂಗಿ ಆ ಫೋಟೋವನ್ನು ಅಪ್ಪನಿಗೆ ತೋರಿಸಿದ್ದಳು. ಕಿವಿಯಿಂದ ದೂರ ಹಿಡಿದರೂ ಮುದುಕರ ಕೂಗಾಟ ನಮಗೆಲ್ಲ ಕೇಳುತ್ತಿತ್ತು. ನಡುವೆ ಕೆಮ್ಮು, ಮತ್ತೆ ಬೈಗುಳ. ಅವನ ಕೆನ್ನೆ ಒದ್ದೆಯಾಗಿತ್ತು.

"ಏನಂತಾರ್ರಿ?" ಅಡ್ಮಿನ್ ಹೆದರಿ ಪಿಸುಗುಟ್ಟಿದರು.

ಅವನು ಫೋನಿಗೆ ಕೈ ಅಡ್ಡ ಹಿಡಿದ. "ಅಪ್ಪ ಬೈತಿದ್ದಾರೆ" ಎಂದ. ಆಮೇಲೆ, "ನನ್ನ ಹತ್ತಿರ ಮಾತಾಡ್ತಿದ್ದಾರೆ" ಎಂದ.

ಅವನು ಮನೆ ತಲುಪುವ ಹೊತ್ತಿಗೆ ಅಪ್ಪನಿಗೆ ಪ್ರಜ್ಞೆ ಇರಲಿಲ್ಲವಂತೆ, ಮತ್ತೆ ಬರಲೂ ಇಲ್ಲವಂತೆ. ಮಣ್ಣು ಮಾಡಿ ಬಂದ ದಿನ ಅವನಿಂದ ನನಗೊಂದು ಸಂದೇಶ ಬಂತು: ಆ ಕೇಕ್ ತರಿಸಿದ್ದಕ್ಕೆ ಅಡ್ಮಿನ್‌ಗೆ ನನ್ನ ಥ್ಯಾಂಕ್ಸ್ ಹೇಳು.