ಐವತ್ತು ಖಡಕ್ ರೊಟ್ಟಿ

ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡವ್ವ ಮದುವೆಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಪರ ಊರಿಗೆ ಹೊರಟವರು ಯಾರಾದರೂ ಅಳುಕಿದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಮೊದ್ಲು ಬುತ್ತಿ ಕಟ್ರಿ, ಆಮ್ಯಾಲ ಅಂಜ್ರಿ” ಎನ್ನುತ್ತಿದ್ದಳು.

ಅವಳಿಗೇ ಎದೆಯ ಕ್ಯಾನ್ಸರ್ ಎಂದು ಗೊತ್ತಾಗಿ, ದಾವಣಗೆರೆಯಲ್ಲಿ ಮೊದಲ ಕೀಮೋ ನಿಗದಿಯಾದಾಗಲೂ ಅದೇ ಮಾತು. ಎರಡು ದಿನ ಒಲೆ ಮುಂದೆ ಕೂತು ಐವತ್ತು ಖಡಕ್ ರೊಟ್ಟಿ ಮಾಡಿ, ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ನನ್ನ ಜೊತೆ ಬಸ್ಸು ಹತ್ತಿದಳು.

ಬುತ್ತಿ ನೋಡಿ ನರ್ಸ್ ನಕ್ಕಳು. “ಅಮ್ಮಾ, ಈ ಔಷಧಿಗೆ ಬಾಯಲ್ಲಿ ಹುಣ್ಣಾಗ್ತಾವೆ. ಗಟ್ಟಿ ರೊಟ್ಟಿ ತಿನ್ನಂಗಿಲ್ಲ, ಗಂಜಿ ಕುಡೀರಿ.”

ದೊಡ್ಡವ್ವ ಒಂದು ಕೈಗೆ ಸಲೈನ್ ಇಳಿಯುತ್ತಿರುವಾಗಲೇ ಇನ್ನೊಂದು ಕೈಯಿಂದ ಬುತ್ತಿ ಬಿಚ್ಚಿ, ರೋಗಿಗಳ ಕಡೆಯವರಿಗೆಲ್ಲ ನನ್ನ ಕೈಲಿ ರೊಟ್ಟಿ ಹಂಚಿಸಿದಳು. “ತಿನ್ರಿ, ನೋಡ್ಕೊಳ್ಳೋರಿಗೆ ಶಕ್ತಿ ಬೇಕು.”

ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಮೂರು ಸಲ ವಾಂತಿ ಮಾಡಿಕೊಂಡಳು. ನಾನು ಹೆದರಿ ಅವಳ ಬೆನ್ನು ಸವರುತ್ತಿದ್ದೆ. ಅವಳು ಬಾಯಿ ಒರೆಸಿಕೊಂಡು, ಖಾಲಿ ಬಟ್ಟೆಯನ್ನು ತೊಡೆಯ ಮೇಲೆ ಹರವಿ ಮಡಚತೊಡಗಿದಳು.

“ವಾರ್ಡಿನ ಬಾಗಿಲ ಹತ್ರ ಕುಂತಿದ್ದಾಕಿಗೆ ರೊಟ್ಟಿ ಸಿಗಲಿಲ್ಲ ನೋಡು,” ಅಂದಳು. “ಮುಂದಿನ ಸಲಕ್ಕ ನೂರು ಬಡೀಬೇಕು.”